ನೀರು ಬಂದ ಊರಿನ ಜ್ವರ

ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ನಾನು ವೈದ್ಯನಾಗಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದ ಸೀಮೆಯಲ್ಲಿ ಈ ಗಾದೆಯನ್ನು ತುಸು ತಿರುಗಿಸಿ ಹೇಳಬೇಕಾಗುತ್ತದೆ. ಊರಿಗೆ ನೀರು ಬಂದ ಮೇಲೆ ಜ್ವರ ಬಾರದಿರುವುದೆ? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ಮಳೆಗಾಲದ ಕಾಯಿಲೆಗಳನ್ನು ಕುರಿತು, ಅವುಗಳಿಗೆ ಊರಿನಲ್ಲಿಯೇ ದೊರೆಯುವ ನೆರವನ್ನು ಕುರಿತು, ನನಗೆ ತಿಳಿದಷ್ಟನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಮೊದಲು ಶ್ರೀರಂಗಪಟ್ಟಣದ ಮಾತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಂಗ್ಲಿಷರ ದಂಡು ಆ ಕೋಟೆಯಲ್ಲಿ ಬೀಡುಬಿಟ್ಟಿತು. ಅಷ್ಟು ಕಷ್ಟಪಟ್ಟು ಗೆದ್ದ ಕೋಟೆಯನ್ನು ಅವರು ಹತ್ತು ವರ್ಷವೂ ನೆಮ್ಮದಿಯಿಂದ ಅನುಭವಿಸಲಿಲ್ಲ. 1809ರ ವೇಳೆಗೆ ದಂಡು ಬೆಂಗಳೂರಿಗೆ ಹೊರಟುಹೋಯಿತು. ಹೊರಡಿಸಿದ್ದು ಶತ್ರುವಿನ ಫಿರಂಗಿಯಲ್ಲ, ದ್ವೀಪದ ಚಳಿಜ್ವರ. ಆ ಜ್ವರಕ್ಕೆ ಕಾರಣ ಕೆಟ್ಟ ಗಾಳಿ ಎಂದು ಅಂದಿನ ವೈದ್ಯರು ನಂಬಿದ್ದರು. ಅದನ್ನು ಹರಡುವುದು ಸೊಳ್ಳೆ ಎಂಬುದಕ್ಕೆ ಆಧಾರ ದೊರೆತದ್ದು 1897ರಲ್ಲಿ, ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ. ಕಾವೇರಿಯ ನಡುಗಡ್ಡೆ, ಸುತ್ತ ಗದ್ದೆ, ಹಳೆಯ ಅರಸರು ತೋಡಿಸಿದ ನಾಲೆಗಳು, ಕೋಟೆಯ ಕಂದಕ ಇವೆಲ್ಲವೂ ಒಂದೆಡೆ ಸೇರಿದ ಊರಿನಲ್ಲಿ ಸೊಳ್ಳೆಗೆ ಏನು ಕೊರತೆ?

ಮುಂದೆ ಕನ್ನಂಬಾಡಿ ಕಟ್ಟೆ ಎದ್ದಿತು. 1911ರಲ್ಲಿ ಪ್ರಾರಂಭವಾದ ಆ ಮಹತ್ಕಾರ್ಯದ ಫಲವಾಗಿ 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಒಣಭೂಮಿಗೆ ನೀರುಣಿಸಿತು. ರಾಗಿ, ಹುರುಳಿ ಬೆಳೆಯುತ್ತಿದ್ದಲ್ಲಿ ಬತ್ತ ಬಂದಿತು, ಕಬ್ಬು ಬಂದಿತು. ಅದರ ಹಿಂದೆಯೇ ಚಳಿಜ್ವರವೂ ಬಂದಿತು. ನಮ್ಮ ತಂದೆಯವರು ಆಗ ಶಾಲೆಯ ಹುಡುಗ. ಡಾಕ್ಟರು ಶಾಲೆಗೆ ಬಂದು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎಡಪಕ್ಕೆಯ ಕೆಳಗೆ ಬೆರಳೂರಿ ನೋಡುತ್ತಿದ್ದರೆಂದು ಅವರು ಹೇಳುತ್ತಿದ್ದರು. ಅಲ್ಲಿ ಗಟ್ಟಿಯಾಗಿ ಸಿಕ್ಕುತ್ತಿದ್ದುದು ಊದಿದ ಗುಲ್ಮ. ಜನ ಅದನ್ನು ಜ್ವರಗೆಡ್ಡೆ ಎನ್ನುತ್ತಿದ್ದರು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗೆಡ್ಡೆ ಇದೆ ಎಂಬ ಲೆಕ್ಕವೇ ಆ ಊರಿನ ಮಲೇರಿಯದ ಅಳತೆ. ತಂದೆಯವರಿಗೂ ಗೆಡ್ಡೆಯಿತ್ತು. ಅವರು ಬದುಕಿದರು. ಅವರ ತಂಗಿ ಬದುಕಲಿಲ್ಲ.

ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯದ ಬಗ್ಗೆ ಗಂಭೀರವಾದ ಅಧ್ಯಯನ ಕೈಗೊಂಡಿತು. ಸ್ವೀಟ್ ಎಂಬ ಅಮೆರಿಕದ ವೈದ್ಯರೂ ಡಾ. ಬಿ. ಎ. ರಾವ್ ಅವರೂ 1937ರಲ್ಲಿ ಒಂದು ಸೊಳ್ಳೆಯ ಮೊಟ್ಟೆಗಳನ್ನು ಅಳೆದು, ಅದರಲ್ಲೊಂದು ಬೇರೆ ಬಗೆಯಿದೆ ಎಂದು ತೋರಿಸಿದರು. ಆ ಬಗೆಗೆ ಇಂದಿಗೂ ‘ಮೈಸೊರೆನ್ಸಿಸ್’ ಎಂದೇ ಹೆಸರು. ಲೋಕದ ವೈದ್ಯಗ್ರಂಥಗಳಲ್ಲಿ ಮೈಸೂರಿನ ಹೆಸರು ಹೀಗೂ ಉಳಿದಿದೆ. ಸೊಳ್ಳೆಯ ಮರಿಯನ್ನು ತಿನ್ನುವ ಗ್ಯಾಂಬೂಸಿಯ ಮೀನನ್ನು 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತರಿಸಿದವರೂ ಈ ರಾವ್ ಅವರೇ.

ನಾಲೆಗೆ ನೀರು ಬಿಟ್ಟ ಮರುದಿನವೇ ಜ್ವರ ಬರುವುದಿಲ್ಲ. ರೈತನಿಗೆ ನೀರಿನ ಮೇಲೆ ಅನುಮಾನ ಹುಟ್ಟದಿರುವುದಕ್ಕೆ ಇದೇ ಕಾರಣ. ನಿಂತ ನೀರಿನಲ್ಲಿ ಇಟ್ಟ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಹೆಚ್ಚುಕಡಮೆ ಹತ್ತು ದಿನ ಬೇಕು. ಆ ಸೊಳ್ಳೆ ರೋಗಿಯೊಬ್ಬನ ರಕ್ತ ಹೀರಿದ ಮೇಲೆ ಕ್ರಿಮಿ ಅದರ ಮೈಯಲ್ಲಿ ಬಲಿಯಲು ಇನ್ನೂ ಹತ್ತು ಹದಿನಾಲ್ಕು ದಿನ. ಅದು ಕಚ್ಚಿದ ಮನುಷ್ಯನಿಗೆ ಚಳಿ ಹಿಡಿಯಲು ಸುಮಾರು ಎರಡು ವಾರ. ಕೂಡಿ ನೋಡಿದರೆ ನೀರಿಗೂ ಜ್ವರಕ್ಕೂ ನಡುವೆ ಒಂದು ತಿಂಗಳಿಗೆ ಮೀರಿದ ಅಂತರವಿದೆ. ಪುಷ್ಯ, ಆಶ್ಲೇಷ ಮಳೆಗಳಲ್ಲಿ ನಾಟಿಯಾದರೆ ಉತ್ತರೆ, ಹಸ್ತದ ವೇಳೆಗೆ ಮನೆಯಲ್ಲಿ ಕಂಬಳಿ ಹೊದ್ದು ನಡುಗುವವರು ಕಾಣಿಸುತ್ತಾರೆ. ಅಷ್ಟು ಹೊತ್ತಿಗೆ ಜನ ಆಷಾಢದ ಗಾಳಿಯನ್ನೋ ಹೊಸ ಅಕ್ಕಿಯನ್ನೋ ದೂರುತ್ತಿರುತ್ತಾರೆ.

ನಾಲ್ಕು ತಾಲ್ಲೂಕುಗಳಿಗೂ ನೀರಿನ ರೀತಿ ಒಂದೇ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಹೊಳೆ ಮತ್ತು ನಾಲೆಯ ನೀರು. ಕೃಷ್ಣರಾಜಪೇಟೆಗೆ ಹೇಮಾವತಿಯ ಅಣೆಕಟ್ಟೆಗಳು ಮತ್ತು ಕೆರೆಗಳು. ನಾಗಮಂಗಲ ಬಹುಕಾಲ ಮಳೆಯನ್ನೂ ಕೆರೆಬಾವಿಗಳನ್ನೂ ನಂಬಿದ ಸೀಮೆ. ಒಣಸೀಮೆಗೆ ಸೊಳ್ಳೆಯ ಕಾಟ ಕಡಮೆಯೆಂದು ನಾನು ಮೊದಲು ತಿಳಿದಿದ್ದೆ. ಅದು ತಪ್ಪು. ನೀರು ದುರ್ಲಭವಾದ ಕಡೆ ಜನ ತೊಟ್ಟಿ, ಹಂಡೆ, ಡ್ರಮ್ಮುಗಳಲ್ಲಿ ವಾರಗಟ್ಟಲೆ ನೀರು ಕೂಡಿಡುತ್ತಾರೆ. ಡೆಂಗೆ ಜ್ವರದ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿನೀರೇ. ಅದು ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಅದಕ್ಕೆ ಸಾಲದು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ಒಳಮೈಯನ್ನು ತಿಕ್ಕಿ, ಒಣಗಿಸಿ ಮತ್ತೆ ತುಂಬಬೇಕು. ತಿಕ್ಕುವುದು ಏಕೆಂದರೆ ಅದರ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತದೆ. ವಾರಕ್ಕೊಮ್ಮೆ ಏಕೆಂದರೆ ಮರಿ ರೆಕ್ಕೆ ಪಡೆಯುವುದಕ್ಕೆ ಮುನ್ನವೇ ಅದನ್ನು ನೀರಿನಿಂದ ಹೊರಗೆಸೆಯಬೇಕು.

ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ರೇಷ್ಮೆ ಸಾಕುವ ಮನೆಗಳೂ ಉಂಟು. ಡಿ.ಡಿ.ಟಿ. ಸಿಂಪಡಿಸುವ ತಂಡದೊಡನೆ ನಾನೊಮ್ಮೆ ಅಂಥ ಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ತಟ್ಟೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುತ್ತಿದ್ದ ಸದ್ದು ಮಳೆಯ ಹಾಗೆ ಕೇಳಿಸುತ್ತಿತ್ತು. ಮನೆಯ ಯಜಮಾನಿ ಬಾಗಿಲಿಗೆ ಅಡ್ಡ ನಿಂತು, “ಹುಳ ಸತ್ತೋದ್ರೆ ಸಾಲ ತೀರ್ಸೋರು ಯಾರು ಸ್ವಾಮಿ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಸೊಳ್ಳೆಯನ್ನು ಕೊಲ್ಲುವ ಮದ್ದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಆಕೆಯನ್ನು ಅಜ್ಞಾನಿ ಎಂದು ಬರೆದುಕೊಂಡು ಬಂದ ನಮ್ಮ ಸಿಬ್ಬಂದಿಯ ವರದಿ ನನಗೆ ಅಂದೂ ಸರಿದೋರಲಿಲ್ಲ. ಈ ಇಕ್ಕಟ್ಟಿಗೆ ದಾರಿ ತೋರಿದ್ದು ಪುಟ್ಟ ಮೀನು. ಮಲೇರಿಯ ಸಂಶೋಧನಾ ಕೇಂದ್ರದ ಬೆಂಗಳೂರಿನ ವಿಜ್ಞಾನಿಗಳು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಮೀನನ್ನೂ ಕುಂಟೆಗಳಿಗೆ ಗ್ಯಾಂಬೂಸಿಯವನ್ನೂ ಬಿಟ್ಟು, ವಿಷವಿಲ್ಲದೆಯೇ ಮಲೇರಿಯವನ್ನು ಇಳಿಸಬಹುದೆಂದು ತೋರಿಸಿಕೊಟ್ಟರು. ಬಳಕೆ ತಪ್ಪಿದ ಬಾವಿಗೆ ಗಪ್ಪಿ ಬಿಡುವುದು ಇಂದಿಗೂ ಒಳ್ಳೆಯ ಉಪಾಯ.

ಈಗ ನಾನು ಹೇಳಲೇಬೇಕಾದ, ಆದರೆ ಹೇಳಲು ಮನಸ್ಸು ಹಿಂಜರಿಯುವ ಒಂದು ಸಂಗತಿ. 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಜಪಾನೀ ಮಿದುಳುಜ್ವರ ವ್ಯಾಪಕವಾಗಿ ಕಾಣಿಸಿಕೊಂಡಿತು. ನಾನು ಆಗ ನಾಲೆಯ ಬಯಲಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಸದಾಗಿ ಸೇರಿದ್ದ ವೈದ್ಯ. ಒಂದು ಸಂಜೆ ಏಳು ವರ್ಷದ ಹುಡುಗನನ್ನು ಅವನ ತಂದೆ ಹೆಗಲ ಮೇಲೆ ಕರೆತಂದ. ಜ್ವರ, ತಲೆನೋವು, ಎರಡು ಸಲ ವಾಂತಿ. ಹೊರಗೆ ಇನ್ನೂ ನಲವತ್ತು ಮಂದಿ ಕಾಯುತ್ತಿದ್ದರು. ಜ್ವರದ ಮಾತ್ರೆ ಕೊಟ್ಟು, ನಾಳೆ ಬನ್ನಿ ಎಂದೆ. ಆ ರಾತ್ರಿ ಹುಡುಗನಿಗೆ ಮೈಯೆಲ್ಲ ಸೆಳೆಯಿತು. ಮನೆಯವರು ಗಾಳಿ ಸೋಂಕಿದೆಯೆಂದು ತಿಳಿದು ಮಂತ್ರ ಹಾಕಿಸಿದರು. ಮೂರನೆಯ ದಿನ ಎತ್ತಿನ ಗಾಡಿಯಲ್ಲಿ ಅವನನ್ನು ತಂದಾಗ ಪ್ರಜ್ಞೆಯಿರಲಿಲ್ಲ. ಮೈಸೂರಿಗೆ ಸಾಗಿಸಿದೆವು. ಹುಡುಗ ಉಳಿದ. ಬಲಗೈಯೂ ಮಾತೂ ಮತ್ತೆ ಬರಲಿಲ್ಲ.

ಮಂತ್ರ ಹಾಕಿಸಿದ ತಂದೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಆತ ಮೊದಲು ಬಂದದ್ದು ನನ್ನ ಬಳಿಗೆ. ನಾನು ಆ ಮಗುವಿನ ಕತ್ತನ್ನು ಬಾಗಿಸಿ ಸೆಡೆತಿದೆಯೇ ಎಂದು ನೋಡಲಿಲ್ಲ, ಇಂಥ ಲಕ್ಷಣ ಕಂಡರೆ ರಾತ್ರಿಯೇ ಬನ್ನಿ ಎಂದು ತಿಳಿಸಿ ಹೇಳಲಿಲ್ಲ. ಈ ರೋಗದ ವಿಷಾಣುವನ್ನು ಕೊಲ್ಲುವ ಔಷಧ ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ. ಆ ರಾತ್ರಿಯೇ ಕಳಿಸಿದ್ದರೆ ಕೈ ಉಳಿಯುತ್ತಿತ್ತೆ ಎಂದು ಖಚಿತವಾಗಿ ಹೇಳಬಲ್ಲವರಿಲ್ಲ. ಆದರೂ ಸೆಳೆತವನ್ನು ತಡೆದು, ಉಸಿರನ್ನು ಕಾಪಾಡಿ, ಮಿದುಳಿನ ಬಾವನ್ನು ಇಳಿಸಿದರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಅವನಿಗೆ ದೊರೆಯದೆ ಹೋದದ್ದು ಆ ಮೂರು ದಿನಗಳು.

ಈ ಜ್ವರದ ನಡೆಯೂ ತಿಳಿದಿರಬೇಕಾದದ್ದು. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುವುದು ಬತ್ತದ ಗದ್ದೆಯಲ್ಲಿ. ವಿಷಾಣು ಹೆಚ್ಚುವುದು ಗದ್ದೆಗಿಳಿಯುವ ಕೊಕ್ಕರೆಗಳ ಮೈಯಲ್ಲಿ, ಹಂದಿಗಳ ಮೈಯಲ್ಲಿ. ಮನುಷ್ಯ ದಾರಿ ತಪ್ಪಿ ಅದಕ್ಕೆ ಸಿಕ್ಕುವವನು. ಅವನಿಂದ ಇನ್ನೊಬ್ಬನಿಗೆ ಅದು ದಾಟುವುದಿಲ್ಲ. ಆದ್ದರಿಂದ ರೋಗಿಯ ಮನೆಯನ್ನು ದೂರವಿಡುವುದು ಅನ್ಯಾಯ. ಹಂದಿಯ ದೊಡ್ಡಿಯನ್ನು ಮನೆಗಳಿಂದ ದೂರವಿರಿಸುವುದು ವಿವೇಕ. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಕಾಲದಲ್ಲಿ ಕೈಗೆಟುಕದಿದ್ದ ಲಸಿಕೆ ಈಗ ನಮ್ಮ ಮಕ್ಕಳಿಗೆ ಸರ್ಕಾರದ ಲಸಿಕಾ ಪಟ್ಟಿಯಲ್ಲಿಯೇ ಸೇರಿದೆ. ಒಂಬತ್ತು ತಿಂಗಳು ತುಂಬಿದಾಗ ಒಂದು ಸಲ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು ಸಲ. ಎರಡನೆಯದನ್ನು ಮರೆಯುವವರೇ ಹೆಚ್ಚು.

ನೆರವು ಎಲ್ಲಿದೆ? ಸಾವಿರ ಜನಕ್ಕೊಬ್ಬರಂತೆ ಊರಿನ ಆಶಾ ಕಾರ್ಯಕರ್ತೆ ಇದ್ದಾರೆ. ಸುಮಾರು ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಗೊತ್ತುಪಾಡು. ನಾಲ್ಕು ಪಟ್ಟಣಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಅದಕ್ಕೂ ಮೀರಿದ ಚಿಕಿತ್ಸೆಗೆ ಮಂಡ್ಯದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 2008ರಿಂದ 108 ಎಂಬ ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಎತ್ತಿನ ಗಾಡಿಯ ಮೂರು ದಿನಗಳನ್ನು ಕಂಡ ನನಗೆ ಈ ಮೂರು ಅಂಕಿಗಳ ಬೆಲೆ ಗೊತ್ತು. ಮಲೇರಿಯದ ರಕ್ತಪರೀಕ್ಷೆಗೂ ಔಷಧಕ್ಕೂ ಸರ್ಕಾರಿ ಕೇಂದ್ರಗಳಲ್ಲಿ ಹಣ ಕೊಡಬೇಕಾದ್ದಿಲ್ಲ.

ಜ್ವರವೆಂದರೆ ರಕ್ತಪರೀಕ್ಷೆ, ಇದು ಮೊದಲ ಮಾತು. ಬೆರಳ ತುದಿಯ ಒಂದು ಹನಿ ಸಾಕು. ಮಲೇರಿಯವೆಂದು ತಿಳಿದು ಹದಿನಾಲ್ಕು ದಿನದ ಮಾತ್ರೆ ಕೊಟ್ಟರೆ ಹದಿನಾಲ್ಕು ದಿನವೂ ನುಂಗಬೇಕು. ಮೂರನೆಯ ದಿನ ಚಳಿ ನಿಂತಿತೆಂದು ಉಳಿದ ಮಾತ್ರೆಯನ್ನು ಗೂಡಿನಲ್ಲಿಟ್ಟವರ ಈಲಿಯಲ್ಲಿ ಕ್ರಿಮಿ ಅಡಗಿದ್ದು, ತಿಂಗಳುಗಳ ನಂತರ ಮತ್ತೆ ಎದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬಸುರಿಯರು ಮಾತ್ರ ತಾವು ಬಸುರಿಯೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಆ ಮಾತ್ರೆ ಅವರಿಗೆ ಸಲ್ಲದು. ಡೆಂಗೆಯ ಶಂಕೆಯಿದ್ದಾಗ ಅಂಗಡಿಯಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ. ಆರಿದ್ರೆಯ ಹೊಸನೀರಿನೊಡನೆ ಬರುವ ವಾಂತಿಭೇದಿಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಜ್ವರದ ಮಗು ಮಂಕಾದರೆ, ಕತ್ತು ಸೆಡೆತರೆ, ಮೈ ಸೆಳೆದರೆ ಬೆಳಗಾಗುವುದನ್ನು ಕಾಯಬಾರದು.

ಈಚೆಗೆ ಈ ಸೀಮೆಯಲ್ಲಿ ಮಲೇರಿಯ ಬಹಳವಾಗಿ ಇಳಿದಿದೆ. ಸಂತೋಷವೇ. ಆದರೆ ಇಂಥದೇ ಸಂತೋಷವನ್ನು ದೇಶ ಒಮ್ಮೆ ಕಂಡಿತ್ತು. 1965ರಲ್ಲಿ ಭಾರತದಲ್ಲೆಲ್ಲ ಸುಮಾರು ಒಂದು ಲಕ್ಷಕ್ಕಿಳಿದಿದ್ದ ಮಲೇರಿಯ, ಗೆದ್ದೆವೆಂದು ಕೈಸಡಿಲಿಸಿದ ಮೇಲೆ 1976ರಲ್ಲಿ ಅರುವತ್ತನಾಲ್ಕು ಲಕ್ಷಕ್ಕೆ ಏರಿತು. ನಾಲೆಯಲ್ಲಿ ನೀರಿದೆ, ಗದ್ದೆಯಲ್ಲಿ ಸೊಳ್ಳೆಯಿದೆ. ದೂರದ ಊರಿಗೆ ದುಡಿಯಲು ಹೋದವನೊಬ್ಬ ಮೈಯಲ್ಲಿ ಕ್ರಿಮಿಯನ್ನು ಹೊತ್ತು ಹಬ್ಬಕ್ಕೆ ಮನೆಗೆ ಬಂದರೆ ಉಳಿದ ಕೆಲಸವನ್ನು ಸೊಳ್ಳೆ ಮಾಡುತ್ತದೆ. ನೀರು ನಮಗೆ ಬೇಕು. ಅದನ್ನು ಬೇಡವೆನ್ನುವ ಹುಚ್ಚು ಯಾರಿಗೂ ಇಲ್ಲ. ನೀರಿನ ಜೊತೆಗೆ ಬರುವುದನ್ನು ಗುರುತಿಸುವ ಎಚ್ಚರವೂ ಬೇಕು.

ನಿವೃತ್ತನಾದ ಮೇಲೆ ಒಮ್ಮೆ ಆ ಹಳ್ಳಿಯ ದಾರಿಯಲ್ಲಿ ಹೋಗುವಾಗ ಒಬ್ಬಾತ ಎಡಗೈಯಲ್ಲಿ ಹಸುವಿನ ಹಗ್ಗ ಹಿಡಿದು ನಾಲೆಯ ಏರಿಯ ಮೇಲೆ ನಡೆದು ಬರುತ್ತಿದ್ದ. ಬಲಗೈ ಎದೆಗೆ ಮಡಿಚಿಕೊಂಡಿತ್ತು. ನನ್ನನ್ನು ಗುರುತಿಸಿ ನಕ್ಕ. ನಾನು ನಿಂತು ಮಾತನಾಡಿಸಿದೆ. ಅವನು ತಲೆಯಾಡಿಸಿದ. ಇಂದಿನ ಈ ಮಾತುಗಳನ್ನು ನಾನು ಆ ಸಂಜೆ ಅವನ ತಂದೆಗೆ ಹೇಳಬೇಕಾಗಿತ್ತು.