ಕೆರೆಬಿಳಚಿ: ಗುಡ್ಡ ಹಿಡಿದ ನೀರಿನ ನೆರೆಯಲ್ಲಿ

ಭಾನುವಾರ ಬೆಟ್ಟ ನೋಡಬೇಕು ಅನಿಸಿದರೆ ದಾವಣಗೆರೆಯ ಕಾರುಗಳು ಚಿಕ್ಕಮಗಳೂರಿನ ಕಡೆ ಹೊರಡುತ್ತವೆ. ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ವಾಹನಗಳ ಸಾಲು, ಮೇಲೆ ಹೋದರೆ ಮಂಜು, ಮಂಜಿನೊಳಗೆ ನೂರಾರು ಮೊಬೈಲು. ಮನೆ ಸೇರುವಾಗ ನಡುರಾತ್ರಿ. ಅದರ ಅರ್ಧ ದೂರವೂ ಇಲ್ಲದ ಚನ್ನಗಿರಿ ತಾಲ್ಲೂಕಿನ ಗುಡ್ಡಗಳ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟರೆ ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಹೊತ್ತಿಗೆ ವಾಪಸು ಬರಬಹುದಾದ ಗುಡ್ಡಗಳಿವು.

ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ ಇದು. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಬಂಡೆ, ಕುರುಚಲು ಕಾಡು, ನೆತ್ತಿಯಲ್ಲೊಂದು ಗುಡಿ ಅಥವಾ ಮುರಿದ ಕೋಟೆ, ಬುಡದಲ್ಲಿ ಅಡಿಕೆ ತೋಟ. ಚಾರಣಿಗರಿಗೆ ಸವಾಲಾಗುವ ಶಿಖರವನ್ನು ಇಲ್ಲಿ ಹುಡುಕಬಾರದು. ಆದರೆ ಕೆರೆಬಿಳಚಿ ಪಕ್ಕದ ಗುಡ್ಡಗಳು ಮಾಡುತ್ತಿರುವ ಕೆಲಸವನ್ನು ಮುಳ್ಳಯ್ಯನಗಿರಿ ಮಾಡಿಲ್ಲ. ಶತಮಾನಗಳಿಂದ ಅವು ನೀರು ಹಿಡಿದು ನಿಂತಿವೆ.

ಕೆರೆಬಿಳಚಿಯನ್ನು ಹಳ್ಳಿ ಎಂದರೆ ಅಲ್ಲಿನವರಿಗೆ ಬೇಸರ, ಪಟ್ಟಣ ಎಂದರೆ ಚನ್ನಗಿರಿಯವರಿಗೆ ನಗು. ಬಸ್ಸು ನಿಲ್ಲುವ ಕಡೆ ಬೇಕರಿ, ಗೊಬ್ಬರ-ಔಷಧಿ ಅಂಗಡಿ, ಪಂಪ್‌ಸೆಟ್ ಮೋಟಾರು ಸುತ್ತಿಕೊಡುವವನ ಶೆಡ್ಡು, ಎರಡು ಹೆಜ್ಜೆ ಮುಂದೆ ಚಹಾದ ಹೋಟೆಲು. ಚಹಾ ಮುಗಿಯುವಷ್ಟರಲ್ಲಿ ಕನ್ನಡ, ಉರ್ದು, ಲಂಬಾಣಿ ಮೂರೂ ಕಿವಿಗೆ ಬೀಳುತ್ತವೆ. ಒಂದೇ ಬೆಂಚಿನಲ್ಲಿ ಕೂತವರು ಒಬ್ಬರಿಗೆ ಕನ್ನಡದಲ್ಲಿ ಬೈದು, ಇನ್ನೊಬ್ಬರಿಗೆ ಉರ್ದುವಿನಲ್ಲಿ ಬಿಲ್ಲು ಕೊಡಲು ಹೇಳುತ್ತಾರೆ. ಪ್ರವಾಸಿಗರನ್ನು ಸೆಳೆಯುವ ಫಲಕವಾಗಲಿ, ಹೋಂಸ್ಟೇ ಬೋರ್ಡಾಗಲಿ ಎದ್ದು ಕಾಣುವುದಿಲ್ಲ. ಊರು ತನ್ನ ಪಾಡಿಗೆ ತಾನು ಗಡಿಬಿಡಿಯಲ್ಲಿದೆ. ನೋಡಲು ಬಂದವರನ್ನು ನೋಡುವಷ್ಟು ಪುರಸೊತ್ತು ಅದಕ್ಕಿಲ್ಲ, ಅದೇ ಅದರ ಚಂದ.

ಊರಿನ ನೆರೆಯಲ್ಲೇ ಸೂಳೆಕೆರೆ. ಸರ್ಕಾರಿ ಕಾಗದಗಳಲ್ಲಿ ಶಾಂತಿ ಸಾಗರ. ಏಷ್ಯಾದ ಎರಡನೇ ಅತಿ ದೊಡ್ಡ ಕೆರೆ ಎಂದು ಇಲ್ಲಿ ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಅಳೆದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ, ಕೇಳುವ ಅಗತ್ಯವೂ ಇಲ್ಲ. ಏರಿಯ ಮೇಲೆ ನಿಂತರೆ ಎದುರಿನ ದಡ ನಡುಹಗಲಲ್ಲೂ ನೀಲಿಯಾಗಿ ಮಸುಕಾಗಿರುತ್ತದೆ. ಕೆರೆಯ ವಿಸ್ತಾರ ಸುಮಾರು 2,650 ಹೆಕ್ಟೇರ್, ಎಕರೆಯಲ್ಲಿ ಹೇಳಿದರೆ 6,500ಕ್ಕೂ ಮೇಲು.

ಇಷ್ಟು ನೀರನ್ನು ತಡೆದಿರುವ ಏರಿಯ ಉದ್ದ ನೋಡಿದರೆ ಅಚ್ಚರಿಯಾಗುತ್ತದೆ. ಸಾವಿರ ಅಡಿಯೂ ಇಲ್ಲ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಗ್ಗಿ ಹೋಗುತ್ತಿದ್ದ ಒಂದೇ ಒಂದು ಕಿಂಡಿಯನ್ನು ಹುಡುಕಿ, ಅಲ್ಲಿ ಮಣ್ಣು-ಕಲ್ಲು ತುಂಬಿ ಮುಚ್ಚಿದ್ದಾರೆ. ಉಳಿದ ಗೋಡೆಯನ್ನೆಲ್ಲ ಗುಡ್ಡಗಳೇ ಒದಗಿಸಿವೆ. ಉದ್ದ ಕಡಿಮೆ ಎಂದು ಹಗುರಾಗಿ ಕಾಣುವಂತಿಲ್ಲ, ಎತ್ತರ ಮತ್ತು ದಪ್ಪ ಎರಡೂ ಭಾರಿ. ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ಹೊರಟ ನಾಲೆಗಳಿಗೂ ಅದೇ ಹೆಸರು. ಈ ನೀರು 4,700 ಎಕರೆಯಷ್ಟು ಜಮೀನನ್ನು ನೆನೆಸುತ್ತದೆ ಎನ್ನುತ್ತದೆ ಲೆಕ್ಕ. ಉಳಿದ ಹಳ್ಳ ಉತ್ತರಕ್ಕೆ ಹರಿದು ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಏರಿಯ ಪಕ್ಕದಲ್ಲಿ ಸಿದ್ಧೇಶ್ವರನ ಗುಡಿ. ಹರಕೆ ಹೊತ್ತವರು ದೇವರಿಗೆ ಕೈಮುಗಿದು, ಕೆರೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡು, ಬಿಸಿಲು ಜಾಸ್ತಿ ಎಂದು ಹೊರಟುಬಿಡುತ್ತಾರೆ.

ಕರಪತ್ರದ ಇತಿಹಾಸ ಚಿಕ್ಕದು. ಕೆರೆ 11-12ನೇ ಶತಮಾನದ್ದು, ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ, ಜಾಗ ಬಿಟ್ಟುಕೊಟ್ಟ ವೇಶ್ಯೆಯರು ಕೆರೆಗೆ ತಮ್ಮ ಹೆಸರು ಇಡಬೇಕೆಂದು ಷರತ್ತು ಹಾಕಿದರು ಎಂಬುದು ಐತಿಹ್ಯ. ಆಮೇಲೆ ಈ ಸೀಮೆಯನ್ನು ಸಂತೇಬೆನ್ನೂರು-ಬಸವಾಪಟ್ಟಣದ ನಾಯಕರು, ಬಿಜಾಪುರದವರು, ಕೆಳದಿಯವರು ಆಳಿದರು. ತಾಲ್ಲೂಕು ಬಹುಕಾಲ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇತ್ತ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಇದೇ ತಾಲ್ಲೂಕಿನ ಕಾರಿಗನೂರಿನವರು. ಜಿಲ್ಲೆ ಬದಲಾಗಿ ಕಾಲು ಶತಮಾನ ಕಳೆದರೂ ಮದುವೆ ಸೀರೆಗೆ, ದೊಡ್ಡ ಆಸ್ಪತ್ರೆಗೆ ಅರ್ಧ ತಾಲ್ಲೂಕು ಇನ್ನೂ ಶಿವಮೊಗ್ಗದ ಬಸ್ಸನ್ನೇ ಹತ್ತುತ್ತದೆ.

ಚಹಾ ಹೋಟೆಲಿನ ಮಾಲೀಕರಿಗೆ ಈ ಚರಿತ್ರೆಯಲ್ಲಿ ಆಸಕ್ತಿಯಿಲ್ಲ. ಅವರ ತಕರಾರು ಹೂಳಿನದು. ಕೆರೆಯ ನೀರು ಕೊಳವೆಯಲ್ಲಿ ಚಿತ್ರದುರ್ಗದ ತನಕ ಕುಡಿಯಲು ಹೋಗುತ್ತದೆ. “ನೀರು ದುರ್ಗಕ್ಕೆ ಹೋಗ್ಲಿ ಸಾರ್, ಕುಡಿಯೋ ನೀರಿಗೆ ಬ್ಯಾಡ ಅನ್ನಕ್ಕಾಗುತ್ತಾ? ಆದ್ರೆ ಹೂಳು ಮಾತ್ರ ನಮಗೇ ಉಳೀತೈತೆ ನೋಡ್ರಿ” ಎಂದು ಗ್ಲಾಸು ತೊಳೆಯುತ್ತಲೇ ಹೇಳುತ್ತಾರೆ. ಗುಡ್ಡದ ಮರ ಕಡಿಮೆಯಾದಷ್ಟೂ ಮಳೆಯೊಂದಿಗೆ ಮಣ್ಣು ಇಳಿಯುತ್ತದೆ, ಕೆರೆ ಕಿರಿದಾದ ಕಡೆ ತೋಟ ಮುಂದೆ ಬರುತ್ತದೆ. ಕೆರೆಯ ಗಡಿಯನ್ನು ಸರಿಯಾಗಿ ಅಳೆದು ಕಲ್ಲು ನೆಡಿ ಎಂಬ ಕೂಗು ಇಲ್ಲಿ ಹಳೆಯದು. ಒತ್ತುವರಿ ಮಾಡಿದ್ದು ಯಾರು ಎಂದು ಕೇಳಿದರೆ ಮಾತ್ರ ಹೋಟೆಲಿನಲ್ಲಿ ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತದೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಇಲ್ಲಿಗೆ ಬಂದವರಿಗೆ ಕೆರೆಗಿಂತ ಮೊದಲು ಸಿಗುವುದು ವಾಸನೆ. ಹಂಡೆಯಲ್ಲಿ ಅಡಿಕೆ ಬೇಯುವ ಒಗರು ಹಬೆ, ಅದರ ಜತೆಗೆ ರಸ್ತೆಬದಿ ಸುಡುವ ಸಿಪ್ಪೆಯ ಹೊಗೆ. ಚನ್ನಗಿರಿ ಸೀಮೆಯಲ್ಲಿ ಈಗ ಅಡಿಕೆಯೇ ಎಲ್ಲ. ಭದ್ರಾ ನಾಲೆಯ ನೀರು, ಕೊಳವೆಬಾವಿ ಎರಡನ್ನೂ ನಂಬಿ ಭತ್ತದ ಗದ್ದೆಗಳೂ ತೋಟವಾಗಿವೆ. ಪತ್ರಿಕೆಯ ಪೇಟೆ ಧಾರಣೆಯಲ್ಲಿ ಚನ್ನಗಿರಿಯ ‘ತುಮ್ಕೋಸ್’ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಘದ ದರವನ್ನು ಮೊದಲು ನೋಡಿ ಆಮೇಲೆ ರಾಜಕೀಯ ಓದುವ ಮನೆಗಳು ಇಲ್ಲಿ ಕಡಿಮೆಯೇನಿಲ್ಲ.

ಗೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು ಎಲ್ಲವನ್ನೂ ತೋಟದವರೇ ಮಾಡಬೇಕೆಂದಿಲ್ಲ. ಹಸಿ ಫಸಲನ್ನು ಮರದಲ್ಲಿರುವಾಗಲೇ ಖೇಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಾರೆ. ಖೇಣಿದಾರ ಆಳು ತಂದು ಕೊಯ್ಯಿಸಿ, ತನ್ನ ಕಣದಲ್ಲಿ ಸಂಸ್ಕರಿಸುತ್ತಾನೆ. ಕೆರೆಬಿಳಚಿ ಹೊರವಲಯದ ಅಂಥದೊಂದು ಕಣದ ಮೂಲೆಯಲ್ಲಿ ಒಬ್ಬ ಅಜ್ಜಿ ಮೆಟ್ಟುಗತ್ತಿಯ ಮಣೆಯ ಮೇಲೆ ಕೂತಿದ್ದರು. ಹಿಂದುಗಡೆ ಶೆಡ್ಡಿನಲ್ಲಿ ಸುಲಿಯುವ ಯಂತ್ರದ ಗಡಗಡ. ಅದರ ಮೇಲೆ ದನಿ ಏರಿಸಿ ಅಜ್ಜಿ ಮಾತಾಡುತ್ತಲೇ ಇದ್ದರು.

“ಮೊದ್ಲು ನೋಡ್ಬೇಕಿತ್ತಪ್ಪಾ ನೀನು. ಲೈಟ್ ಹಾಕ್ಕಂಡು ಹತ್ತಿಪ್ಪತ್ತು ಜನ ಸಾಲಾಗಿ ಕುಂತ್ರೆ ಕೋಳಿ ಕೂಗೋ ತನಕ ಸುಲೀತಿದ್ವಿ. ಒಬ್ಬಳು ಪದ ಹೇಳೋಳು, ಒಬ್ಬಳು ಸೊಸೆ ಮ್ಯಾಲೆ ಚಾಡಿ ಹೇಳೋಳು. ನಿದ್ದೆ ಎಲ್ಲಿ ಬರ್ಬೇಕು?”

ಮೆಟ್ಟುಗತ್ತಿ ಎಂದರೆ ಮಣೆಗೆ ನೆಟ್ಟಗೆ ಬಿಗಿದ ಬಾಗಿದ ಅಲಗು. ಒಂದು ಕಾಲಿನಿಂದ ಮಣೆ ಒತ್ತಿ ಹಿಡಿದು, ಹಸಿರು ಕಾಯಿಯನ್ನು ಅಲಗಿಗೆ ಅದುಮಿದರೆ ಸಿಪ್ಪೆ ಸೀಳುತ್ತದೆ. ಮಣಿಕಟ್ಟನ್ನು ಒಂದು ಸಲ ತಿರುಗಿಸಿದರೆ ಒಳಗಿನ ಅಡಿಕೆ ಇಡಿಯಾಗಿ ಬುಟ್ಟಿಗೆ ಹಾರುತ್ತದೆ. ನೋಡುವಾಗ ಸಲೀಸು. ಅಲಗು ತುಸು ಆಳಕ್ಕೆ ಹೋದರೂ ಅಡಿಕೆಗೆ ಗಾಯ, ಗಾಯವಾದ ಅಡಿಕೆಗೆ ಬೆಲೆಯಿಲ್ಲ. ಇನ್ನೂ ತುಸು ಜಾರಿದರೆ ಗಾಯ ಬೆರಳಿಗೆ. ಅಜ್ಜಿಯ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಉಳಿದ ಬೆರಳುಗಳು ಕಾಯಿಯ ಒಗರಿಗೆ ಕಪ್ಪಾಗಿದ್ದವು. ಹಬ್ಬಕ್ಕೆ ತಂಗಿಯ ಮನೆಗೆ ಹೋದರೂ ಆ ಕಪ್ಪು ಬಿಡುವುದಿಲ್ಲವಂತೆ. “ಮೊಮ್ಮಗಳು ಕೈ ತೊಳ್ಕಂಡು ಬಾ ಅಜ್ಜಿ ಅಂತಾಳೆ. ತೊಳ್ದೇ ಬಂದಿರ್ತೀನಿ!”

ಕೂಲಿ ದಿನಕ್ಕಲ್ಲ, ಡಬ್ಬದ ಲೆಕ್ಕಕ್ಕೆ. ಸುಲಿದ ಅಡಿಕೆ ಡಬ್ಬ ತುಂಬಿದಷ್ಟು ಸಲ ದುಡ್ಡು. ಕೈ ಚುರುಕಾದವರು ಎರಡು ತಿಂಗಳ ಕೊಯ್ಲಿನಲ್ಲಿ ಮಗಳ ಓಲೆ ಮಾಡಿಸಿದ್ದುಂಟು. ಈಗ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಅದನ್ನು ತಂದ ಖೇಣಿದಾರನನ್ನು ಬೈಯುವಂತಿಲ್ಲ, ಅಜ್ಜಿಯೂ ಬೈಯುವುದಿಲ್ಲ. ಯಂತ್ರ ಬಿಟ್ಟ ಅರೆಬರೆ ಕಾಯಿ, ಸಿಪ್ಪೆ ಕಚ್ಚಿಕೊಂಡ ಅಡಿಕೆ ಇವೆಲ್ಲ ಒಂದು ಗುಡ್ಡೆಯಾಗಿ ಅವರ ಮುಂದೆ ಬೀಳುತ್ತವೆ. ಅವರ ಪಾಲಿಗೆ ಉಳಿದಿರುವುದು ಅಷ್ಟೇ. ಜತೆಗಿದ್ದ ಇನ್ನಿಬ್ಬರು ಹೆಂಗಸರು ಸುಲಿಯುತ್ತಿರಲಿಲ್ಲ, ಬೇಯಿಸಿ ಒಣಗಿಸಿದ ಅಡಿಕೆಯನ್ನು ಆರಿಸುತ್ತಿದ್ದರು. ಮೆಟ್ಟುಗತ್ತಿಯಲ್ಲಿ ಕೂರಲು ಅವರಿಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಕಲಿತು ಏನಾಗಬೇಕಿದೆ ಎಂದು ಕಿರಿಯಾಕೆ ಕೇಳಿದ್ದಕ್ಕೆ ಅಜ್ಜಿ ಉತ್ತರ ಕೊಡಲಿಲ್ಲ, ಯಂತ್ರದ ಕಡೆ ಗದ್ದ ತೋರಿಸಿ, “ಕರೆಂಟ್ ಹೋದಾಗ ನನ್ನನ್ನೇ ಕರೀತಾರೆ” ಎಂದರು.

ಸುಲಿದ ಅಡಿಕೆ, ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸವಾದ ಚೊಗರು ಬೆರೆಸಿದ ನೀರಿನಲ್ಲಿ ಬೆಂದು, ಬಿಸಿಲಿಗೆ ಹರಡಿ, ಕೆಂಪಾಗಿ ‘ರಾಶಿ’ ಎನಿಸಿಕೊಂಡು ಪೇಟೆಗೆ ಹೋಗುತ್ತದೆ. ಸಿಪ್ಪೆ ಹೋಗುವುದು ರಸ್ತೆಬದಿಗೆ. ಟ್ರ್ಯಾಕ್ಟರುಗಳು ರಾತ್ರಿ ಹೊತ್ತು ಸುರಿದು ಹೋದ ರಾಶಿಗೆ ಯಾರೋ ಬೆಂಕಿ ಹಚ್ಚುತ್ತಾರೆ. ಹಸಿ ಸಿಪ್ಪೆ ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಬೈಕಿನವರು ಕಣ್ಣುಜ್ಜಿಕೊಂಡೇ ಸವಾರಿ ಮಾಡಬೇಕು. ಇದೇ ಸಿಪ್ಪೆಯನ್ನು ಕೊಳೆಸಿ ತೋಟಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ ಎಂದು ಎಲ್ಲ ಬೆಳೆಗಾರರಿಗೂ ಗೊತ್ತು. ಖೇಣಿದಾರನಿಗೆ ತೋಟವಿಲ್ಲ, ತೋಟದವನಿಗೆ ಸಿಪ್ಪೆ ವಾಪಸು ಬರುವುದಿಲ್ಲ, ಇಷ್ಟರ ನಡುವೆ ಗುಡ್ಡದ ಗಾಳಿ ಕುಡಿಯಲು ಬಂದವರಿಗೆ ಕೆಮ್ಮು.

ಗುಡ್ಡ ಹತ್ತಲೇಬೇಕು ಎನ್ನುವವರು ಚನ್ನಗಿರಿಗೆ ಹೋಗಬೇಕು. ಕೆಳದಿಯ ಚೆನ್ನಮ್ಮನ ಹೆಸರು ಹೊತ್ತ ಪಟ್ಟಣ ಎನ್ನುತ್ತಾರೆ. ಮನೆಗಳ ನೆತ್ತಿಯ ಮೇಲೇ ಕೋಟೆಯ ಗುಡ್ಡವಿದೆ, ಬೆಟ್ಟದ ರಂಗನಾಥನ ಗುಡಿ ಅದರೊಳಗೆ. ಬೆಳಗಿನ ವಾಯುವಿಹಾರದವರು ದಿನವೂ ಹತ್ತಿ ಇಳಿಯುತ್ತಾರೆ, ಹೊರಗಿನಿಂದ ಬಂದವರಿಗೂ ಉಸಿರು ಕಟ್ಟುವಷ್ಟು ದಾರಿಯಲ್ಲ. ಮೇಲಿನಿಂದ ನೋಡಿದರೆ ಊರಿನ ಹೆಂಚು, ತಾರಸಿಗಳನ್ನು ತೋಟಗಳು ಎಲ್ಲ ಕಡೆಯಿಂದ ಒತ್ತರಿಸಿಕೊಂಡು ಬರುತ್ತಿರುವಂತೆ ಕಾಣುತ್ತದೆ. ಕಾಡು ಬೇಕೆನ್ನುವವರಿಗೆ ಜೋಳದಾಳ್ ಕಡೆಯ ಅಮ್ಮನಗುಡ್ಡವಿದೆ.

ಸಮಯ ಮಿಕ್ಕರೆ ಹೊದಿಗೆರೆ. ಶಿವಾಜಿಯ ತಂದೆ ಷಹಾಜಿ ಭೋಂಸ್ಲೆ 1664ರ ಜನವರಿಯಲ್ಲಿ ಬೇಟೆಗೆಂದು ಇಲ್ಲಿಗೆ ಬಂದು, ಕುದುರೆಯಿಂದ ಬಿದ್ದು ತೀರಿಕೊಂಡ. ಸಮಾಧಿ ಸರಳವಾಗಿದೆ. ಮಹಾರಾಷ್ಟ್ರದ ನೋಂದಣಿಯ ವಾಹನಗಳಲ್ಲಿ ಬಂದವರು ಹೂವಿಟ್ಟು ಹೋಗುತ್ತಾರೆ, ಹತ್ತಿರದ ತಾಲ್ಲೂಕುಗಳ ಅನೇಕರಿಗೆ ಅದು ಎಲ್ಲಿದೆ ಎಂದೇ ತಿಳಿದಿಲ್ಲ.

ದಾವಣಗೆರೆಗೆ ಮರಳುವ ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯನ್ನು ಬಿಡಬಾರದು. 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಪುಟ್ಟ ಪುಟ್ಟ ಮಂಟಪಗಳು, ಪಕ್ಕದಲ್ಲೇ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್ ಖಾನೆ. ಮಂಟಪದ ಗೋಪುರದಲ್ಲಿ ಕಮಾನು, ಕಮಾನಿನ ಪಕ್ಕದಲ್ಲಿ ಹೂಬಳ್ಳಿ. ಯಾವ ಶೈಲಿ ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹಿಂದೆ ಇಲ್ಲಿ ಗುಡಿ ಕೆಡವಿದ್ದು, ಸೇಡು ತೀರಿಸಿಕೊಂಡದ್ದು ಎಲ್ಲ ಕಥೆಗಳೂ ಇವೆ. ಈಗ ಮೆಟ್ಟಿಲ ಮೇಲೆ ಕಾಲೇಜು ಹುಡುಗರು ಪರೀಕ್ಷೆಯ ಪ್ರಶ್ನೆಪತ್ರಿಕೆ ಬಗ್ಗೆ ಜಗಳವಾಡುತ್ತಿರುತ್ತಾರೆ.

ಜಿಲ್ಲೆಯ ಇನ್ನೆರಡು ಗುಡ್ಡಗಾಡುಗಳಿಗೆ ಬೇರೆ ದಿನ ಇಟ್ಟುಕೊಳ್ಳುವುದು ಮೇಲು. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರದಲ್ಲಿ ಗುಡ್ಡದೊಳಗಿನಿಂದ ವರ್ಷವಿಡೀ ನೀರು ಬರುತ್ತದೆ. ಜಗಳೂರು ಕಡೆಯ ರಂಗಯ್ಯನದುರ್ಗ ಒಣ ಸೀಮೆ, 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವಾದ ಕಾಡು. ಒಂದೇ ದಿನದಲ್ಲಿ ಇವನ್ನೂ ಕೆರೆಬಿಳಚಿಯನ್ನೂ ಸುತ್ತುತ್ತೇವೆ ಎಂದು ಹೊರಟವರಿಗೆ ನೋಡಲು ಸಿಗುವುದು ಟಾರು ರಸ್ತೆ ಮಾತ್ರ.

ಕೆರೆಬಿಳಚಿಗೆ ಹೋಗಲು ಮಳೆ ನಿಂತ ಮೇಲಿನ ಎರಡು-ಮೂರು ತಿಂಗಳು ಚೆನ್ನು. ಕೆರೆ ತುಂಬಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ಅಡಿಕೆಯ ಕಣಗಳಲ್ಲೂ ಜನವಿರುತ್ತಾರೆ. ಏರಿಯ ಮೇಲೆ ನೆರಳು ಕಡಿಮೆ. ಟೋಪಿ, ಕುಡಿಯುವ ನೀರು ಜತೆಗಿರಲಿ. ಖಾಲಿ ಬಾಟಲಿಯನ್ನು ವಾಪಸು ತಂದರೆ ಇನ್ನೂ ಒಳ್ಳೆಯದು, ಏರಿಯ ಕಲ್ಲಿನ ಸಂದಿಗಳಲ್ಲಿ ಈಗಾಗಲೇ ಬೇಕಾದಷ್ಟಿವೆ, ಅವುಗಳಲ್ಲಿ ನೀರಿನವು ಕಡಿಮೆ. ಬಸ್ಸಿನಲ್ಲಿ ಬಂದವರು ವಾಪಸು ಹೋಗುವ ಬಸ್ಸಿನ ಹೊತ್ತನ್ನು ಚಹಾ ಹೋಟೆಲಿನಲ್ಲೇ ಕೇಳಿಕೊಳ್ಳಬೇಕು. ಹೂಳಿನ ಮಾತು ಒಂದು ಸುತ್ತು ಮುಗಿದ ಮೇಲೆ ಮಾಲೀಕರು ಅದನ್ನೂ ಹೇಳುತ್ತಾರೆ.