ಕೂದಲು ತೆಗೆಸಿದ ಬೆಕ್ಕಿನ ಆರೈಕೆ

ಮನೆಯನ್ನು ನಂಬಿ ಬದುಕುವ ಮೂಕಪ್ರಾಣಿಯ ನೋವನ್ನು ಅರಿಯುವುದು ಗೃಹಸ್ಥರ ಕರ್ತವ್ಯ. ಆದರೆ ಅರಿವಿಲ್ಲದೆ ತೋರುವ ದಯೆಯೂ ಕೆಲವೊಮ್ಮೆ ಹಿಂಸೆಯಾಗಿ ಪರಿಣಮಿಸುತ್ತದೆ. ಬೆಕ್ಕಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಹಳೆಯ ಮನೆಗಳಲ್ಲಿ ಇಲಿಯ ಕಾಟಕ್ಕೆಂದು ಬೆಕ್ಕು ಸಾಕುವುದು ವಾಡಿಕೆ. ಗಿಡ್ಡ ಕೂದಲಿನ ನಾಡಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುತ್ತದೆ. ಈಗ ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳೂ ನಮ್ಮ ಮನೆಗಳಿಗೆ ಬಂದಿವೆ. ಅವುಗಳ ಕೂದಲು ಗಂಟುಕಟ್ಟಿದಾಗ ಬೋಳಿಸಬೇಕಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ಯಾವ ಬೆಕ್ಕಿಗಾದರೂ ಆ ಭಾಗದ ಕೂದಲನ್ನು ತೆಗೆಯುತ್ತಾರೆ.

ಬೆಕ್ಕಿನ ಚರ್ಮ ನಮ್ಮದಕ್ಕಿಂತ ತೆಳುವಾದುದು. ಕೂದಲು ತೆಗೆಯುವ ಯಂತ್ರದ ಅಲಗು ಕಾದರೆ ಅಥವಾ ಮೊಂಡಾಗಿದ್ದರೆ ಚರ್ಮ ಕೆಂಪಾಗಿ ಉರಿಯುತ್ತದೆ. ಉರಿಯಾದೆಡೆ ಬೆಕ್ಕು ನೆಕ್ಕುತ್ತದೆ. ಅದರ ನಾಲಗೆಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುವುದರಿಂದ, ನೆಕ್ಕಿದಷ್ಟೂ ಚರ್ಮ ತರಚಿ ಹುಣ್ಣಾಗುತ್ತದೆ.

ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಮನೆಯ ಔಷಧಿಗಳ ಡಬ್ಬಿಯನ್ನು ತೆರೆಯಲೇಬಾರದು. ನಮ್ಮ ದೇಹ ಕರಗಿಸಿಕೊಳ್ಳುವ ಹಲವು ದ್ರವ್ಯಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಡೆಟಾಲ್, ಫಿನಾಯಿಲ್ ಮುಂತಾದವು ಅದಕ್ಕೆ ವಿಷ. ಕರ್ಪೂರ ಬೆರೆತ ನೋವಿನ ಮುಲಾಮು, ಸತುವಿನ ಮುಲಾಮುಗಳನ್ನು ಹಚ್ಚಿದರೆ ಅದು ನೆಕ್ಕಿ ನುಂಗುತ್ತದೆ. ನೋವಿಗೆಂದು ಕೊಟ್ಟ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಅದರ ಪ್ರಾಣವನ್ನೇ ತೆಗೆಯಬಲ್ಲುದು. ಕೊಬ್ಬರಿ ಎಣ್ಣೆ ವಿಷವಲ್ಲವಾದರೂ ನೆಕ್ಕುವ ಚಾಳಿಯನ್ನು ಹೆಚ್ಚಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಶುಭ್ರವಾದ ಹತ್ತಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಕೆಂಪಾದ ಜಾಗದ ಮೇಲೆ ಐದು ನಿಮಿಷ ಮೃದುವಾಗಿ ಇರಿಸಿ, ಬಳಿಕ ಒತ್ತಿ ಒಣಗಿಸಬೇಕು, ಉಜ್ಜಬಾರದು. ದಿನಕ್ಕೆ ಎರಡು ಮೂರು ಬಾರಿ ಹೀಗೆ ಮಾಡಿದರೆ ಸಾಕು. ಹೊಲಿಗೆ ಹಾಕಿದ ಗಾಯವನ್ನು ಮಾತ್ರ ನೆನೆಸಕೂಡದು. ಹೊಲಿಗೆ ಒಣಗುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ವೈದ್ಯರು ಕೊಡುವ ಕೊರಳಪಟ್ಟಿಯನ್ನು ತೊಡಿಸಿರಬೇಕು. ಕನಿಕರದಿಂದ ಅದನ್ನು ಬಿಚ್ಚಿದರೆ ಬೆಕ್ಕು ಹೊಲಿಗೆಯನ್ನೇ ಕಿತ್ತುಕೊಳ್ಳಬಹುದು. ಮಲಗುವ ಬಟ್ಟೆ ಶುಭ್ರವಾಗಿರಲಿ; ಕೂದಲು ಬೆಳೆಯುವ ತನಕ ಅದನ್ನು ಮಧ್ಯಾಹ್ನದ ಬಿಸಿಲಿಗೆ ಬಿಡದಿರಿ.

ಅಲ್ಪ ಉರಿಯಾದರೆ ಕೆಲವೇ ದಿನಗಳಲ್ಲಿ ತಾನೇ ಶಮನವಾಗುತ್ತದೆ. ಕೀವು, ದುರ್ಗಂಧ, ಬಾವು ಕಂಡರೆ, ಅಥವಾ ಬೆಕ್ಕು ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಕೂದಲು ದುಂಡಗೆ ಉದುರಿ ಹೊಟ್ಟೆದ್ದರೆ ಅದು ಹುಳುಕಡ್ಡಿಯಿರಬಹುದು. ಅದು ಮಕ್ಕಳಿಗೂ ಅಂಟುತ್ತದೆ. ಇಂತಹ ತೊಂದರೆಗಳಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೂ 1958ರಲ್ಲಿ ಸ್ಥಾಪನೆಯಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ನಗರದಲ್ಲಿಯೇ ಇವೆ.

ಬೋಳಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಇನ್ನೂ ಲೇಸು. ಉದ್ದ ಕೂದಲಿನ ಬೆಕ್ಕನ್ನು ನಿತ್ಯವೂ ಬಾಚಿದರೆ ಗಂಟು ಕಟ್ಟುವುದಿಲ್ಲ. ಕಟ್ಟಿದ ಗಂಟನ್ನು ಮನೆಯ ಕತ್ತರಿಯಿಂದ ತೆಗೆಯಹೋದರೆ, ಗಂಟಿನೊಡನೆ ಮೇಲೆದ್ದ ಚರ್ಮವೂ ಕತ್ತರಿಸಿಹೋಗುವುದುಂಟು. ಆ ಕೆಲಸವನ್ನು ಬಲ್ಲವರಿಗೇ ಒಪ್ಪಿಸುವುದು ಯುಕ್ತ.

ನೋವನ್ನು ಹೇಳಲಾರದ ಜೀವಕ್ಕೆ ಔಷಧಿಯನ್ನು ಆರಿಸಿಕೊಳ್ಳುವ ಶಕ್ತಿಯೂ ಇಲ್ಲ. ಅದರ ಪರವಾಗಿ ವಿವೇಚಿಸಬೇಕಾದವರು ಮನೆಯವರೇ. ತಣ್ಣೀರು, ಶುಚಿತ್ವ, ತಾಳ್ಮೆ, ವೈದ್ಯರ ಸಲಹೆ, ಈ ನಾಲ್ಕನ್ನು ಮೀರಿದ ಮದ್ದು ಈ ಉರಿಗೆ ಬೇಕಿಲ್ಲ.