ದುಡ್ಡು ಇಸಕೊಂಡ ಮೇಲಿನ ಫೋಟೋ

ಮೆಣಸಗಿಯ ಮದುವೆಗಳಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಹಂದರದ ತುಂಬ ಮೊಬೈಲುಗಳು ಮೇಲೇಳುತ್ತವೆ. “ಇನ್ನ ನಿಮ್ಮನ್ಯಾಕ ಕರಸಬೇಕ್ರಿ ಅಣ್ಣಾರ?” ಎಂದು ಹುಡುಗರು ಫೋಟೋಗ್ರಾಫರ್ ಆದ ನನ್ನನ್ನು ಕಾಡಿಸುತ್ತಾರೆ. ಅವರ ಕೆಲವು ಫೋಟೋ ನನ್ನವಕ್ಕಿಂತ ಚೆಂದ ಬಂದಿರುತ್ತವೆ, ಸುಳ್ಳೇಕೆ? ಆದರೆ ಚೆಂದ ಬರುವುದೇ ಈ ಕಸುಬಿನ ಗುರುತಲ್ಲ.

ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದರು. ಅವರು ತೆಗೆದ ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಗೆ ಹೊರದೇಶಗಳಲ್ಲೂ ಮನ್ನಣೆ ಸಿಕ್ಕಿತು. ಆದರೂ ಅವರು ಹವ್ಯಾಸಿ. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದರು, ಮುಂದೆ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಚಿತ್ರ ತೆಗೆದರು, ಕ್ಯಾಮೆರಾದಿಂದಲೇ ಸಂಸಾರ ನಡೆಸಿದರು. 1977ರಲ್ಲಿ ಪದ್ಮಶ್ರೀ ಬಂತು. ಆನೆ ಬರಲಿಲ್ಲವೆಂದರೆ ಘೋರ್ಪಡೆಯವರು ಇನ್ನೊಂದು ದಿನ ಹೋಗಬಹುದಿತ್ತು. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಸತ್ಯನ್ ಅವರ ಕೈಯಲ್ಲಿ ಚಿತ್ರ ಇರಲೇಬೇಕು.

ನನ್ನದೂ ಅದೇ ಪಾಡು. ತಾಳಿ ಎರಡು ಸಲ ಕಟ್ಟುವುದಿಲ್ಲ. ಅದಕ್ಕೇ ಎರಡು ಕ್ಯಾಮೆರಾ, ಎರಡು ಫ್ಲ್ಯಾಶ್. ಪ್ರತಿ ಚಿತ್ರವೂ ಎರಡು ಕಾರ್ಡಿನಲ್ಲಿ ಉಳಿಯುವ ಹಾಗೆ ಸೆಟ್ಟಿಂಗ್. ಸುರಗಿ ಶಾಸ್ತ್ರದಲ್ಲಿ ಮದುಮಗಳ ಮುಖದ ತುಂಬ ಅರಿಶಿಣ, ಮೇಲೆ ನೀಲಿ ತಾಡಪತ್ರಿಯ ನೆರಳು. ಬಣ್ಣವನ್ನು ಕ್ಯಾಮೆರಾಕ್ಕೇ ಬಿಟ್ಟರೆ ಅದು ಯಾವುದನ್ನು ತಿದ್ದಬೇಕೆಂದು ತಿಳಿಯದೆ ಮುಖವನ್ನೇ ಕೆಡಿಸುತ್ತದೆ. ವೈಟ್ ಬ್ಯಾಲೆನ್ಸ್ ನಾನೇ ಕೂಡಿಸಬೇಕು. ಇದೆಲ್ಲ ಕಲಿಯಬಹುದಾದ ವಿದ್ಯೆ. ಸೋದರಮಾವ ಯಾರು, ಮುನಿಸಿಕೊಂಡು ಮೂಲೆಯಲ್ಲಿ ಕುಳಿತ ಬೀಗರು ಯಾರು ಎಂದು ನೋಡಿಕೊಂಡಿರುವುದು ಅದಕ್ಕಿಂತ ಕಷ್ಟ. ಅವರಿಲ್ಲದ ಮದುವೆ ಆಲ್ಬಮ್ಮಿಗೆ ಬಾಕಿ ಹಣ ಸುಲಭಕ್ಕೆ ಹುಟ್ಟುವುದಿಲ್ಲ.

ಸಾವಿನ ಮನೆಯ ಕರೆಗೆ ಹೊತ್ತಿಲ್ಲ, ಗೊತ್ತಿಲ್ಲ. ಲಿಂಗಾಯತರ ಮನೆಗಳಲ್ಲಿ ತೀರಿಹೋದ ಹಿರಿಯರನ್ನು ಕೂರಿಸಿ ಹಾರ ಹಾಕಿರುತ್ತಾರೆ. ಅತ್ತು ಕಣ್ಣು ಕೆಂಪಾದ ಮಕ್ಕಳನ್ನು ಸುತ್ತ ನಿಲ್ಲಿಸಿ, ಹೆಚ್ಚು ಮಾತಾಡದೆ ತೆಗೆದು ಬರಬೇಕು. ಆಮೇಲೆ ಗೋಡೆಗೆ ಹಾಕಲು ಆಧಾರ್ ಕಾರ್ಡಿನ ಮಬ್ಬು ಚಿತ್ರ ಹಿಡಿದು ಬರುತ್ತಾರೆ. “ಅವ್ವನ ಮಾರಿ ಸ್ವಲ್ಪ ನಗೂಹಂಗ ಮಾಡ್ರಿ, ಹಸರ ಸೀರಿ ಉಡಸ್ರಿ.” ಕಲೆಯ ದೃಷ್ಟಿಯಿಂದ ಇದು ಅಪಚಾರ ಅನ್ನುವವರಿದ್ದಾರೆ. ಅವರ ಮನೆಗೆ ನಾನು ಬೇರೆ ಥರ ಮಾಡಿಕೊಡುತ್ತೇನೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮನೆಗಳು ಬಿದ್ದಾಗ ಪರಿಹಾರದ ಅರ್ಜಿಗೆ ಫೋಟೋ ಬೇಕಾದವು. ಅಲ್ಲಿ ಚೆಂದ ಮಾಡಹೋದರೆ ಕೆಲಸ ಕೆಟ್ಟಿತು. ಬಿದ್ದ ಗೋಡೆ, ಬಾಗಿಲು, ಪಕ್ಕದಲ್ಲಿ ಮನೆಯ ಯಜಮಾನ, ಎಲ್ಲ ಒಂದೇ ಚಿತ್ರದಲ್ಲಿ ಕಾಣಬೇಕು. ವೈಡ್ ಲೆನ್ಸ್ ಓರೆಯಾಗಿ ಹಿಡಿದರೆ ನೆಟ್ಟಗಿರುವ ಗೋಡೆಯೂ ವಾಲಿದಂತೆ ಬರುತ್ತದೆ, ನೋಡಿದವರಿಗೆ ಅನುಮಾನ ಹುಟ್ಟುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು ತೆಗೆಸಿದವರದು. ಅಂಗಡಿಯ ಬೋರ್ಡಿಗೆ ಮದುಮಗಳ ಚಿತ್ರ ಹಾಕುವ ಮುನ್ನ ದುಡ್ಡು ಕೊಟ್ಟ ಅಪ್ಪನನ್ನು ಕೇಳುತ್ತೇನೆ. ಈಚೆಗೆ ಮೊದಲು ಆಕೆಯನ್ನೇ ಕೇಳುತ್ತೇನೆ.